ಬೆಲ್ಟು

ಬೈಕನ್ನು ಪಂಕ್ಚರ್ ಅಂಗಡಿಯಲ್ಲಿ ಬಿಟ್ಟು
ಅರ್ಧ ಗಂಟೆ ಎಲ್ಲಿ ಕಳೆಯಲೆಂದು
ಹೊಸೂರು ರಸ್ತೆಯ ಸದ್ದಿಗೆ ಬೆನ್ನು ಹಾಕಿ
ಟೈಲ್ಸ್ ಗೋದಾಮಿನ ಸಂದಿಯಲ್ಲಿ ನಡೆದರೆ
ಕಲ್ಲಿನ ಬಸದಿ; ಬಾಗಿಲು ನನ್ನ ಎದೆಯೆತ್ತರ.

'ಚರ್ಮದ್ದು ಏನಿದ್ದರೂ ಹೊರಗೆ, ಸ್ವಾಮಿ'
ಎಂದಳು ಕಸ ಗುಡಿಸುತ್ತಿದ್ದ ಮರುದೇವಮ್ಮ.
ಚಪ್ಪಲಿ ಆಯಿತು, ಪರ್ಸು ಆಯಿತು,
ಗಡಿಯಾರದ ಪಟ್ಟಿಯೂ ಆಯಿತು.
ಆಕೆಯ ಕಣ್ಣು ಇನ್ನೂ ನನ್ನ ಸೊಂಟದ ಮೇಲೆ.

ಹೋದ ವರ್ಷದ ಕಾಮಾಲೆಗೆ ಸೊರಗಿದವನು ನಾನು,
ಪ್ಯಾಂಟು ಮಾತ್ರ ಹಳೆಯ ಅಳತೆಯದೇ.

ಎಡಗೈಯಲ್ಲಿ ಅದನ್ನು ಬಿಗಿಹಿಡಿದು
ತಲೆ ತಗ್ಗಿಸಿ ಒಳಹೊಕ್ಕೆ.
ಕತ್ತಲು. ಬಾವಲಿ, ಎಣ್ಣೆ, ಹಳೇ ತಂಪು.
ಕಣ್ಣು ಹೊಂದಿದ ಮೇಲೆ ನಿಧಾನ ಮೂಡಿದ
ಆಳೆತ್ತರ, ತೋಳು ಇಳಿಬಿಟ್ಟು,
ಮೈಮೇಲೆ ನೂಲೆಳೆಯಿಲ್ಲದೆ.
ಲಾಂಛನ ಸವೆದಿದೆ; ಯಾವ ತೀರ್ಥಂಕರರೋ
ಆಕೆಗೂ ಗೊತ್ತಿಲ್ಲ. 'ಯಾರಾದರೇನು,
ನಿಂತಿದ್ದಾರಲ್ಲ.'

ಅವನಿಗೆ ಹಿಡಿದುಕೊಳ್ಳಲು ಏನೂ ಇಲ್ಲ.
ನನಗೆ ಮುಗಿಯಲು ಎರಡನೆಯ ಕೈ ಇಲ್ಲ.
ನಗು ಬಂತು. ಕಲ್ಲಿನ ತುಟಿಯಂಚಿನಲ್ಲೂ ಒಂದಿತ್ತು,
ಮೊದಲಿಂದ ಇದ್ದದ್ದೋ, ಈಗ ಬಂದದ್ದೋ.

ಹೊರಗೆ ಜಗಲಿಯ ಮೇಲೆ ಬೆಲ್ಟು,
ಬೆಲ್ಟಿನ ಮೇಲೆ ಇರುವೆಸಾಲು:
ಯಾರೋ ಚೆಲ್ಲಿದ ಅಕ್ಷತೆ ಹೊತ್ತು
ಬಕಲ್ಲಿನ ಕಿಂಡಿಯೊಳಗೆ ನುಗ್ಗಿ ಆಚೆ ಹೊರಟು.
ಕೊಡವಲು ಕೈ ಚಾಚಿದೆ.
'ಇರಲಿ ಬಿಡಿ, ಕಡೇದೂ ದಾಟಲಿ.'

ಕೂತೆ, ಪ್ಯಾಂಟು ಹಿಡಿದುಕೊಂಡೇ.
ಫೋನು ಎರಡು ಸಲ ಗುಂಯ್‌ಗುಟ್ಟಿತು,
ಪಂಕ್ಚರಿನವನೇ ಇರಬೇಕು.
ಒಂದು ಹೋಯಿತು, ಇನ್ನೊಂದು ಬಂತು.
ಇದೇ ಕಡೇದು ಅಂತ
ಹೇಗೆ ಗೊತ್ತಾಗುತ್ತದೆ, ಮರುದೇವಮ್ಮಾ?