ಚುಕ್ಕಿಯ ಆಚೆ

ಗ್ಯುಮ್ರಿಯಲ್ಲಿ ಫೆಬ್ರವರಿ. ಅಂಗಡಿಯೊಳಗೂ
ಆಡಿದ ಮಾತು ಹೊಗೆಯಾಗುತ್ತದೆ.
ಗೋರಿಯ ಕರಿಕಲ್ಲಿಗೆ ಮುಖ ಕೊರೆಯುವುದು ನನ್ನ ಕಸುಬು:
ವಜ್ರದ ಮೊನೆಯ ಒಂದು ಮುದಿಯಂತ್ರ, ಒಂದು ಸೀಮೆಎಣ್ಣೆ ಒಲೆ, ನಾನು.

ಹೆಘಿನೆ ಬಂದಳು. ಕೈಗವಸು ಬಿಚ್ಚಿ
ಬಿತ್ತನೆ ಬೀಜ ಕೊಡುವ ಹಾಗೆ
ಪೆನ್‌ಡ್ರೈವನ್ನು ನನ್ನ ಅಂಗೈಯಲ್ಲಿಟ್ಟಳು.
"ನನ್ನ ತಮ್ಮ. ಬೇರೆ ಪಟ ಇಲ್ಲ.
ಅವನಿದ್ದ ಗ್ಯಾರೇಜಿನವರು ಇಂಟರ್‌ನೆಟ್ಟಿಗೆ ಹಾಕಿದ್ದರು,
ಇಳಿಸಿಕೊಂಡೆ."

ಯಂತ್ರ ಒಲ್ಲೆನೆಂದಿತು.
ಜೆಪಿಜಿ ಅದಕ್ಕೆ ಗೊತ್ತು, ಬಿಎಂಪಿ ಗೊತ್ತು,
ಈ ಜೆಎಫ್‌ಐಎಫ್ ಯಾರ ಮನೆಯದು?

"ನಾನೇನೂ ಮುಟ್ಟಿಲ್ಲ" ಎಂದಳು, ಕಳವು ಹೊರಿಸಿದಂತೆ.
"ಅಲ್ಲಿ ಜೆಪಿಜಿ ಅಂತಲೇ ಇತ್ತು, ಕಣ್ಣಾರೆ ಕಂಡಿದ್ದೇನೆ."

ನಿಜ, ಅವಳು ಮುಟ್ಟಿಲ್ಲ.
ಹೊಸ್ತಿಲಲ್ಲಿ ಕೂತ ಬ್ರೌಸರು
ಬಂದವನ ಜಾತಕ ಕೇಳಿ
ಯಾವುದೋ ಹಳೆಯ ಪಟ್ಟಿಯಲ್ಲಿ ಬೆರಳಾಡಿಸಿ
ತಲೆಯೆತ್ತಿ ಮುಖ ಸಹ ನೋಡದೆ
ಬಾಲಕ್ಕೆ ತನಗೆ ತೋಚಿದ್ದು ಬರೆದುಕೊಂಡಿದೆ.

ಚುಕ್ಕಿಯ ಆಚೆಯ ನಾಲ್ಕಕ್ಷರ ಅಳಿಸಿದೆ, ಮೂರು ಒತ್ತಿದೆ.
ಹೀಗೆ ಬದಲಿಸಿದರೆ ಕಡತ ಕೆಟ್ಟೀತು, ಹೆದರಿಸಿತು ಪರದೆ.
ಕೆಡಲಿ ಎಂದೆ.

ತೆರೆಯಿತು.
ಕೆನ್ನೆಗೆ ಗ್ರೀಸು, ಒಂದು ಹುಬ್ಬು ಮೇಲೆ,
ಯಾರೋ ಕೂಗಿದ್ದಕ್ಕೆ ತಿರುಗಿದವನು.
ಒಂದು ಕೂದಲೂ ಕೊಂಕಿರಲಿಲ್ಲ.

"ಹೆಸರು?"

ಅವಳು ಮರಣಪತ್ರ ಬಿಡಿಸಿದಳು. ರೊಸ್ತೋವಿನ ಮೊಹರು.
ಆರ್ಷಾವಿರ್ ಮೆಲ್ಕೊನೊವ್.
ಹುಟ್ಟಿದಾಗ ಮೆಲ್ಕೊನ್ಯಾನ್.
"ಅಲ್ಲಿ ಬಾಡಿಗೆಗೆ ಕೋಣೆ ಸಿಗಲೆಂದು ತಾನೇ ಬದಲಿಸಿದನೋ,
ಗುಮಾಸ್ತ ಬರೆದುಕೊಂಡನೋ...
ನಾನು ಕೇಳಲೇ ಇಲ್ಲ.
ಫೋನಿನಲ್ಲಿ ದನಿ ಅವನದೇ ಇತ್ತಲ್ಲ."

ಕಲ್ಲಿನಲ್ಲಿ ಅಳಿಸುವ ಕೀಲಿ ಇಲ್ಲ, ಅಕ್ಕ. ಯಾವುದು ಕೊರೆಯಲಿ?

ಅವಳು ಒಲೆ ನೋಡಿದಳು. ನಾನು ಕೊಟ್ಟ ಚಹಾ
ಎರಡೂ ಕೈಯಲ್ಲಿ ಹಿಡಿದಳು, ಕುಡಿಯಲಿಲ್ಲ.
"ಮುಖ ಶುರು ಮಾಡು. ಹೆಸರು ಆಮೇಲೆ."

ಟಕ ಟಕ ಟಕ, ಹಣೆಯಿಂದ ಕೆಳಗೆ,
ಚುಕ್ಕಿಗೆ ಚುಕ್ಕಿ ಒತ್ತಿ
ಕತ್ತಲಾಗುವ ಹೊತ್ತಿಗೆ ಆ ಎತ್ತಿದ ಹುಬ್ಬಿನವರೆಗೆ ಬಂದಿತ್ತು.
ಬಸ್ಸು ತಪ್ಪೀತೆಂದು ಅವಳು ಎದ್ದು ಹೋಗಿದ್ದಳು.

ಕಲ್ಲಿನ ಕೆಳಗಡೆ ಸೀಮೆಸುಣ್ಣದಲ್ಲಿ
ಆರ್ಷಾವಿರ್ ಮೆಲ್ಕೊನ್ ಎಂದು ಬರೆದೆ, ಎರಡಕ್ಕೂ ಸಲ್ಲುವಷ್ಟು.
ಮೆಲ್ಕೊನ್ ಎಂಬವನು ಯಾವ ಕಾಲದ ಯಾರ ಅಜ್ಜನೋ.
ಮುಂದೆ ನಾಲ್ಕು ಬೆರಳು ಜಾಗ ಬಿಟ್ಟು
ಒಲೆ ಆರಿಸಿ, ಬಾಗಿಲು ಹಾಕಿಕೊಂಡೆ.