ಗಾಜುಗಣ್ಣ

ಪುಟ ಹರಿದವಳು ನಾನೇ.
ರೈಲ್ವೆ ಸ್ಟೇಷನ್ನಿನ ಎದುರು ಅಪ್ಪ ಹಾಲೇಶಪ್ಪನ ಮಂಡಕ್ಕಿ ಗಾಡಿ,
ಒಗ್ಗರಣೆಯ ಘಾಟು, ಪೆಟ್ರೋಮ್ಯಾಕ್ಸಿನ ಉಸಿರು.
ನನ್ನ ಕೆಲಸ ಪೊಟ್ಟಣ:
ಎಡಗೈಲಿ ಕಾಗದ, ಬಲಗೈಲಿ ಒಂದು ಸುತ್ತು,
ತುದಿ ಮಡಚಿದರೆ ಮುಗಿಯಿತು.

ರದ್ದಿ ತರುತ್ತಿದ್ದವನು ಜಬ್ಬಾರ್ ಸಾಬರ ಮಗ ಮುನೀರ.
ಲೆಕ್ಕದ ಪುಸ್ತಕ, ಲಾಟರಿ ಚೀಟಿ, ಯಾರದೋ ಮದುವೆಯ ಕರೆಯೋಲೆ,
ಒಂದು ದಿನ
ಕಟ್ಟು ಬಿಚ್ಚಿದರೆ ವಿಮಾನ.

ಹೆಸರಿದ್ದ ರಟ್ಟನ್ನು ಇಲಿ ತಿಂದಿತ್ತು.
ಮುಖಕ್ಕಿಂತ ದೊಡ್ಡ ಕನ್ನಡಕ, ಕುತ್ತಿಗೆಗೆ ಬಿಳಿ ವಸ್ತ್ರ,
ಮೂಗಿನ ಮೇಲೊಂದು ಗಾಯದ ಗೆರೆ.
ಗಾಜುಗಣ್ಣ ಅಂತ ಕರೆದೆವು.
ಇಂಗ್ಲಿಷು ನನಗೂ ಬಾರದು, ಅವನಿಗೂ ಬಾರದು,
ಆದರೂ ಮುನೀರ ಓದುತ್ತಿದ್ದ,
ಬೆರಳಿಟ್ಟು, ಒಂದೊಂದೇ ಮಾತಿನ ಗುಳ್ಳೆಯನ್ನು
ಒಡೆಯದ ಹಾಗೆ.

“ತಡಿ ಮಾರಾಯ, ಗುಂಡು ಹಾರಿಸಬೇಡ,
ಎಂಜಿನ್ನಿಗೆ ಎಣ್ಣೆ ಹಾಕಿದ ಹುಡುಗ ಕೆಳಗೆ ಕಾಯ್ತಾ ಇದಾನೆ,
ಅವನ ಸ್ಪ್ಯಾನರು ನನ್ನ ಜೇಬಲ್ಲೇ ಉಳಿದಿದೆ”
ಅಂತ ಗಾಜುಗಣ್ಣ.
“ನಾನೂ ಬೆಳಿಗ್ಗೆಯಿಂದ ಏನೂ ತಿಂದಿಲ್ಲ”
ಅಂತ ಆಚೆ ವಿಮಾನದವ.
ಕೇಳುತ್ತಾ ಕೇಳುತ್ತಾ ನಾನು ಈರುಳ್ಳಿ ಹೆಚ್ಚುತ್ತಿದ್ದೆ.
ಅತ್ತದ್ದು ಯಾವುದಕ್ಕೆ ಅಂತ ಅಪ್ಪ ಕೇಳಲಿಲ್ಲ.

ಆ ಡಿಸೆಂಬರಿನಲ್ಲೇ ಹೋಟೆಲಿನ ರೇಡಿಯೋದೊಳಗೆ ನಿಜದ ಯುದ್ಧ.
ಬಸ್ಸಿನ ದೀಪಕ್ಕೆ ಅರ್ಧ ಕಪ್ಪು ಬಳಿದಿದ್ದರು.
ಇಷ್ಟು ಬಿತ್ತು, ಅಷ್ಟು ಬಿತ್ತು
ಅಂತ ಜನ ನಿಂತು ಕೇಳುವರು, ಕೈಯಲ್ಲಿ ಪೊಟ್ಟಣ.
ಬಿದ್ದದ್ದರೊಳಗೆ ಯಾರಿದ್ದರೆಂದು ರೇಡಿಯೋ ಹೇಳಲಿಲ್ಲ.
ನಮ್ಮ ಪುಸ್ತಕದಲ್ಲಾದರೋ
ಮುನೀರ ಎಲ್ಲರಿಗೂ ಹೆಸರಿಟ್ಟಿದ್ದ.

ಯುದ್ಧಕ್ಕೆ ಗಿರಾಕಿ ಜಾಸ್ತಿ, ಕಾಗದ ಸಾಲದು.
ಸೀಮೆಎಣ್ಣೆ ಡಬ್ಬದ ಹಿಂದೆ ಬಚ್ಚಿಟ್ಟದ್ದಕ್ಕೂ
ಅಪ್ಪನ ಕಣ್ಣು ಬಿತ್ತು. “ಕೊಡೇ ಇಲ್ಲಿ.”
ಮೋಡದೊಳಗಿನ ಜಗಳ ಬಳೆಗಾರನಿಗೆ ಹೋಯಿತು,
ರೆಕ್ಕೆಗೆ ಬೆಂಕಿ ಹತ್ತಿದ ಪುಟ ಪೊಲೀಸಿನವನಿಗೆ, ಪುಕ್ಕಟೆ.
ಉಳಿದದ್ದು ಕೊನೆಯ ಹಾಳೆ.
ಗಾಜುಗಣ್ಣ ಎದ್ದು ನಿಂತಿದ್ದಾನೆ, ಒಂದು ಕಾಲು ಆಚೆ,
ಕೈ ಹಗ್ಗದ ಮೇಲೆ.
ಹಿಂಬದಿ ನೋಡುವ ಮೊದಲೇ ತಾಳಗುಪ್ಪದ ಗಾಡಿ ಸಿಳ್ಳೆ ಹಾಕಿತು,
ಕಿಟಕಿಯಿಂದೊಂದು ಕೈ: “ಬೇಗ ಬೇಗ, ನಾಲ್ಕಾಣೆದು.”
ಬೆರಳು ತಾನಾಗಿ ಸುತ್ತಿತು, ತುದಿ ಮಡಚಿತು,
ಕೊಟ್ಟೂ ಬಿಟ್ಟಿತು.

ಐವತ್ತು ವರ್ಷ.
ಗಾಡಿ ಅಂಗಡಿಯಾಯಿತು, ಕಾಗದ ಪ್ಲಾಸ್ಟಿಕ್ಕಾಯಿತು,
ಈಗ ಮತ್ತೆ ಕಾಗದ.
ನಡುರಾತ್ರಿ ಎಚ್ಚರವಾದರೆ ಅವನು ಇನ್ನೂ ಅಲ್ಲೇ,
ಒಂದು ಕಾಲು ಆಚೆ.
ಸೊಗಾನೆಯಲ್ಲಿ ವಿಮಾನ ಇಳಿಯತೊಡಗಿದ ಮೇಲಂತೂ
ಸದ್ದು ಬಂದಾಗಲೆಲ್ಲ ನನ್ನ ಸೌಟು ನಿಲ್ಲುತ್ತದೆ,
ಒಗ್ಗರಣೆ ಸೀಯುತ್ತದೆ.

ಹೋದ ತಿಂಗಳು ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ
ಹಳೇ ಪುಸ್ತಕದ ರಾಶಿಯೊಳಗಿಂದ
ಅದೇ ಕನ್ನಡಕ ನನ್ನನ್ನು ನೋಡಿತು.
ಇಡೀ ಇತ್ತು, ರಟ್ಟು ಸಮೇತ.
ತಮ್ಮನ ಸೊಸೆ ಓದಿ ಹೇಳಿದಳು:
“‘ತಗೋ ಇದನ್ನ’ ಅಂತಾನೆ, ಅತ್ತೆ.”
ಪುಟ ತಿರುವಿ, “‘ಇದನ್ನೂ ತಗೋ’ ಅಂತಾನೆ.”
ಅಷ್ಟೇಯಾ?
ಅಷ್ಟೇ.
ಸ್ಪ್ಯಾನರಿಲ್ಲ. ಹಸಿವಿಲ್ಲ.
ಕೊನೆಯ ಹಾಳೆಯ ಹಿಂದೆ ಹಲ್ಲುಪುಡಿಯ ಜಾಹೀರಾತು,
ಅಡಿಯಲ್ಲಿ ಇರುವೆಯಂಥ ಅಕ್ಷರ:
ಮುಂದಿನ ಸಂಚಿಕೆಯಲ್ಲಿ.

ಇಷ್ಟು ಕಾಲ ನಾನು ಎದೆಯಲ್ಲಿ ಹೊತ್ತದ್ದು
ಹಲ್ಲುಪುಡಿ!

ಮುನೀರನಿಗೆ ಫೋನು ಮಾಡಿದೆ. ಭದ್ರಾವತಿಯಲ್ಲಿ ಗುಜರಿ ಅಂಗಡಿ,
ಮಾತಿನ ಹಿಂದೆ ಕಬ್ಬಿಣ ಕತ್ತರಿಸುವ ಕಿರುಚು.
“ಗಾಜುಗಣ್ಣ ಹಾರಿದನೇನೋ?”
ಯಾರು ಅಂತ ಅವನು ಕೇಳಲಿಲ್ಲ.
“ಅವತ್ತೇ ಹಾರಿದ ಕಣೇ. ನಿಂಗೆ ಹೇಳೋದು ಮರೆತೆ.”
“ಎಲ್ಲಿಳಿದ?”
“ತಾಳಗುಪ್ಪದಲ್ಲಿ, ಮತ್ತೆಲ್ಲಿ?
ರೈಲು ಅಲ್ಲಿಗೇ ತಾನೆ ಮುಗಿಯೋದು.”