ಎಂಟನೆಯ ಸೊನ್ನೆ

ಏಣಿ ಹಿಡಿದು ಕೆಳಗೆ ನಿಂತವಳು ವರ್ಲೀನ್ ಓಕರ್‌ಸ್ಟ್ರಮ್.
ನೆಬ್ರಾಸ್ಕಾದ ಜೋಳದ ಹೊಲಗಳ ನಡುವೆ
ಇಪ್ಪತ್ತೆರಡು ವರ್ಷ ಶಾಲೆಯ ಬಸ್ಸು ತಿರುಗಿಸಿದ ಕೈ.
ಏಣಿ ಅಲುಗಲಿಲ್ಲ.

ಮೇಲೆ ನಾನು, ವಿಮಾ ಕಂಪನಿಯ ಕಣ್ಣು.
ಸೊಂಟದಲ್ಲಿ ಟೇಪು, ಜೇಬಿನಲ್ಲಿ ಸೀಮೆಸುಣ್ಣ.
ಹತ್ತಡಿಗೆ ಹತ್ತಡಿ ಚೌಕ ಎಳೆದು
ಆಲಿಕಲ್ಲು ಬಡಿದ ಕಡೆಯೆಲ್ಲ ಸೊನ್ನೆ ಸುತ್ತುವುದು ಕಸುಬು.
ಚೌಕಕ್ಕೆ ಎಂಟು ಸಿಕ್ಕರೆ ಹೊಸ ಮಾಡು.
ಏಳಾದರೆ ಒಂದು ಕಾಗದ.

ಸೊನ್ನೆಗೆ ಬೆಲೆಯಿಲ್ಲ ಅನ್ನುವವರು
ಒಮ್ಮೆ ನನ್ನ ಜೊತೆ ಹತ್ತಿ ಬರಬೇಕು.

ಉತ್ತರದ ಇಳಿಜಾರಿನಲ್ಲಿ ಮೂರು.
ಪೂರ್ವಕ್ಕೆ ನಾಲ್ಕು, ಅದರಲ್ಲೊಂದು ಅನುಮಾನ.
ಪಶ್ಚಿಮದಲ್ಲಿ ಮಂಡಿಯೂರಿ
ಸೇಬಿನ ಪೆಟ್ಟು ಹುಡುಕುವ ಹಾಗೆ
ಹೆಬ್ಬೆರಳಿನಿಂದ ಒತ್ತಿ ಒತ್ತಿ
ಏಳು.
ಮಿಕ್ಕಿದ್ದೆಲ್ಲ ಬಿಸಿಲು ತಿಂದದ್ದು.
ಹತ್ತೊಂಬತ್ತು ವರ್ಷದ ಬಿಸಿಲು, ಹಿಮ, ಗಾಳಿ,
ಗೂಡು ಕಟ್ಟಿ ಎದ್ದುಹೋದ ಹಕ್ಕಿ,
ಎಲ್ಲಕ್ಕೂ ಪಾಲಿಸಿಯಲ್ಲಿ ಒಂದೇ ಹೆಸರು: ಸವಕಳಿ.

ಪಕ್ಕದ ಮನೆ ಟ್ರೇಸ್ ಹಬ್ಬೆಲ್‌ನದು.
ಅಲ್ಲಿ ಹಿಂದಿನ ದಿನ ಹದಿನಾಲ್ಕು ಎಣಿಸಿದ್ದೆ:
ಒಂದೇ ಗಾತ್ರ, ಒಂದೇ ಆಳ, ಅಂಚಿನಲ್ಲಿ ಒಂದೂ ಇಲ್ಲ.
ಆಕಾಶಕ್ಕೆ ಅಷ್ಟು ಶಿಸ್ತು ಎಲ್ಲಿಯದು?
ಶಿಸ್ತು ಸುತ್ತಿಗೆಯದು.
ಬಿರುಗಾಳಿಯ ಬೆನ್ನಿಗೇ ಊರೂರು ತಿರುಗುವ ಮೇಸ್ತ್ರಿಗಳು
ಪಿಕಪ್ ಗಾಡಿಯ ಸೀಟಿನಡಿ ಇಟ್ಟಿರುತ್ತಾರೆ.

"ನನ್ನ ಬಾಗಿಲಿಗೂ ಬಂದಿದ್ದ," ಕೆಳಗಿನಿಂದ ವರ್ಲೀನ್.
"ಮೊದಲ ಆರು ಸಾವಿರ ನಿಮ್ಮ ಪಾಲು ತಾನೆ,
ಬಿಲ್ಲಿನಲ್ಲೇ ಸೇರಿಸಿಬಿಡುತ್ತೇನೆ,
ನಿಮ್ಮ ಕೈಯಿಂದ ಒಂದು ಡಾಲರೂ ಬೇಡ ಅಂದ.
ಕಾಫಿ ಕೊಟ್ಟು ಕಳಿಸಿದೆ."

ಇಳಿದ ಮೇಲೆ ಅಡುಗೆಮನೆಗೆ ಕರೆದಳು.
ಫ್ರೀಜರಿನಿಂದ ಬ್ರೆಡ್ಡಿನ ಚೀಲ ತೆಗೆದು ಬಿಚ್ಚಿದಳು.
ಒಳಗೆ ಆ ಮೇ ತಿಂಗಳ ಸಂಜೆ,
ಐದು ಆಲಿಕಲ್ಲು,
ಅಳತೆಗೆಂದು ಜೊತೆಗೊಂದು ನಾಣ್ಯ.
"ಸಾಕ್ಷಿ," ಅಂದಳು.
ಫೋಟೊ ತೆಗೆದುಕೊಂಡೆ. ಹೇಳಲಾಗಲಿಲ್ಲ,
ಕಲ್ಲು ಬಿದ್ದದ್ದನ್ನು ಯಾರೂ ಅಲ್ಲಗಳೆಯುವುದಿಲ್ಲಮ್ಮ,
ಹಣ ಬಿದ್ದದ್ದಕ್ಕಲ್ಲ, ಗುರುತಿಗೆ.

ಎಂಟನೆಯದನ್ನು ಸುತ್ತಲು ಬೇಕಾದದ್ದು ಎರಡು ಸೆಕೆಂಡು.
ಸೀಮೆಸುಣ್ಣ ಬೆರಳಲ್ಲೇ ಇತ್ತು.
ಏಳು ಅಂತ ಬರೆದೆ.
ಹಬ್ಬೆಲ್‌ನ ಹದಿನಾಲ್ಕರ ಮುಂದೆ "ಸಂಶಯ" ಅಂತಲೂ ಬರೆದೆ.
ಮೇಲಿನವರಿಗೆ ಏಳು ಕಂಡಿತು, ಹದಿನಾಲ್ಕೂ ಕಂಡಿತು,
ಸಂಶಯ ಯಾರಿಗೂ ಕಾಣಲಿಲ್ಲ.

ಮರುವರ್ಷ ಇನ್ನೊಂದು ಆಲಿಕಲ್ಲು, ಅದೇ ಬೀದಿ.
ಹಬ್ಬೆಲ್‌ನ ಮಾಡು ಹೊಸ ಬೂಟಿನ ಹಾಗೆ ಮಿನುಗುತ್ತಿತ್ತು.
ವರ್ಲೀನಳದು ಅರ್ಧ ಕಪ್ಪು, ಅರ್ಧ ಹಳೆಯ ಕಂದು.
ಪಟ್ಟಿಯಲ್ಲಿ ಈ ಸಲ ಅವಳ ಹೆಸರಿರಲಿಲ್ಲ,
ಆದರೂ ಗಾಡಿ ನಿಂತಿತು.

"ಆ ಕಡೆಯದು ಮೀನು ಹಿಡಿಯುವ ದೋಣಿ,"
ಗದ್ದ ಎತ್ತಿ ತೋರಿಸಿದಳು,
"ದೋಣಿ ಮಾರಿ ಬಂದದ್ದು ಅಷ್ಟಕ್ಕೇ ಸಾಕಾಯಿತು.
ಈ ಕಡೆ ಇನ್ನೂ ನಿಮ್ಮದೇ."
ನಕ್ಕಳೋ ಇಲ್ಲವೋ, ಬಿಸಿಲಿಗೆ ಕಾಣಲಿಲ್ಲ.

ಜಗಲಿಯಲ್ಲಿ ಕೂರಿಸಿ ತಣ್ಣನೆಯ ಚಹಾ ತಂದಳು.
ಲೋಟದಲ್ಲಿ ತೇಲುತ್ತಿದ್ದದ್ದು
ಅಚ್ಚಿನ ಮಂಜುಗಡ್ಡೆಯಲ್ಲ,
ಒಂದು ಬದಿ ಚಪ್ಪಟೆ, ಒಂದು ಬದಿ ಮುಳ್ಳುಮುಳ್ಳು,
ನಡುವೆ ಹಾಲಿನ ಬಿಳುಪಿನ ಒಂದು ಕಣ್ಣು.
"ಜಾಗ ಬೇಕಿತ್ತು, ಬಟಾಣಿ ಇಡೋಕೆ."

ಕುಡಿದೆ.
ಸ್ವಲ್ಪ ಈರುಳ್ಳಿಯ ವಾಸನೆ, ಸ್ವಲ್ಪ ಬ್ರೆಡ್ಡಿನದು.
ಕರಗುವವರೆಗೂ ಎದ್ದೇಳಲು ಆಗಲಿಲ್ಲ,
ಆ ಬೀದಿಯಲ್ಲಿ ಇನ್ನೂ ಹನ್ನೊಂದು ಮಾಡು ಬಾಕಿ ಇದ್ದರೂ.